ಎಲ್ಲಾ ಹೊಸದೇ

ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆರು ಜನರ ಎದುರು ಬೈಂಡರ್ ಆಡಿದ್ದು ಎರಡೇ ಮಾತು: “ಎಲ್ಲಾ ಹೊಸದೇ.” ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. “ತೊಟ್ಟಿಲಿಂದ ಹಿಡಿದು ಪರದೆ ತನಕ” ಎಂದು ಸೇರಿಸಿದ.

ಕೇಳಿದವಳು ಅವನ ಹೆಂಡತಿಯ ಅಕ್ಕ. ಅವಳನ್ನು ಅವಳಿಗಿಂತ ಹಿರಿಯರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಅಂಚಿಗೆ ಬೆರಳು ತಾಗಿಸಿ ಧೂಳು ನೋಡಿ, ಆಮೇಲೆ ಮನೆಯವರ ಮುಖ ನೋಡುವವಳು. ಮಗು ಮೂರು ವಾರ ಮೊದಲೇ ಹುಟ್ಟಿಬಿಟ್ಟಿದೆ, ಮನೆಯಲ್ಲಿ ಇನ್ನೂ ಯಾವ ಏರ್ಪಾಡೂ ಆಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಮೂರು ತಿಂಗಳು ತಾಯಿ ಮಗು ಇಬ್ಬರೂ ನಮ್ಮ ಮನೇಲಿರ್ಲಿ. ಯಾರ್ಯಾರೋ ಬಳಸಿ ಬಿಸಾಕಿದ ಸಾಮಾನಿನ ಮೇಲೆ ನಮ್ಮ ಕೂಸು ಮಲಗೋದು ಬೇಡ. ನಿಮ್ಮ ಸಂಬಳ ನನಗೆ ಗೊತ್ತಿಲ್ವಾ?” ಎಂದಿದ್ದಳು.

ಆಗಲೇ ಬೈಂಡರನ ಬಾಯಿಂದ ಆ ಮಾತು ಜಾರಿದ್ದು. ಮಂಚದ ಮೇಲೆ ಮಲಗಿದ್ದ ಹೆಂಡತಿ ಅವನ ಕಿರುಬೆರಳು ಹಿಡಿದು ಒಮ್ಮೆ ಅದುಮಿದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವಳು ಅಕ್ಕನ ಎದುರಿಗೆ ಗಂಡನ ಬೆರಳು ಹಿಡಿದದ್ದು ಅದೇ ಮೊದಲು. ಇನ್ನು ಆ ಮಾತನ್ನು ವಾಪಸು ನುಂಗುವ ಹಾಗಿರಲಿಲ್ಲ.

“ಸರಿ ಹಾಗಾದ್ರೆ,” ಎಂದಳು ದೊಡ್ಡಕ್ಕ. “ಶನಿವಾರ ಸಂಜೆ ನಾಲ್ಕಕ್ಕೆ ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ. ಮೊದಲು ನಾನೊಬ್ಳೇ ಮೇಲೆ ಬಂದು ಕೋಣೆ ನೋಡ್ತೀನಿ. ಸರಿ ಇದ್ರೆ ಇಬ್ಬರನ್ನೂ ಇಳಿಸ್ತೀನಿ. ಇಲ್ಲಾಂದ್ರೆ ಕಾರು ಹಾಗೇ ನಮ್ಮ ಮನೆ ಕಡೆ.”

ಹೆಂಡತಿ ಬಸುರಿಯಾದಾಗಿನಿಂದ ಕೇಳಿದ್ದು ಒಂದೇ ವಸ್ತು, ತವರಿನ ತೊಟ್ಟಿಲು. ಅಕ್ಕ ತಂಗಿ ಇಬ್ಬರೂ ಅದರಲ್ಲೇ ಮಲಗಿ ಬೆಳೆದವರು. ಅಮ್ಮ ತೀರಿಕೊಂಡ ಮೇಲೆ ಅದು ದೊಡ್ಡಕ್ಕನ ಮನೆಯ ಅಟ್ಟ ಸೇರಿತ್ತು. ಬೈಂಡರ್ ಅದನ್ನು ಕಣ್ಣಾರೆ ಕಂಡಿರಲಿಲ್ಲ. “ಗೆದ್ದಲು ತಿಂದು ಪುಡಿಪುಡಿ ಆಗಿತ್ತು ಕಣೇ, ಸುಟ್ಟು ಹಾಕಿಸಿದೆ” ಎಂದು ದೊಡ್ಡಕ್ಕ ಹೇಳಿದಾಗ ಹೆಂಡತಿ ಎರಡು ದಿನ ಅತ್ತಳು. ಎರಡು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಳು. ಹೆರಿಗೆ ನೋವು ಬಂದು, ಕಾರು ಬೇಕಾದಾಗಲೇ ಅಕ್ಕತಂಗಿಯರು ಒಂದಾದದ್ದು.

ಸಾರ್ವಜನಿಕ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಅವನ ಕೆಲಸ. ಬೆನ್ನು ಮುರಿದ ನಿಘಂಟು, ಜಿರಲೆ ಕಡಿದ ಕಾದಂಬರಿ, ಯಾರೋ ಓದುಗರು ಚಹಾ ಲೋಟ ಇಟ್ಟ ಭೂಗೋಳ, ಎಲ್ಲವೂ ಅವನ ಕೈಯಿಂದ ಮದುಮಗನ ಹಾಗೆ ಹೊರಬೀಳುತ್ತಿದ್ದವು. ಬಟ್ಟೆ, ರಟ್ಟು, ಮೈದಾ ಅಂಟು ಈ ಮೂರಿದ್ದರೆ ಲೋಕದಲ್ಲಿ ಹಳೆಯದೆಂಬುದೇ ಇಲ್ಲ ಎಂದು ಅವನು ನಂಬಿದ್ದ. ಹಾಗಾಗಿ ಆಸ್ಪತ್ರೆಯಿಂದ ಅವನು ನೆಟ್ಟಗೆ ಹೋದದ್ದು ಹಳೇ ಸಾಮಾನಿನ ಅಂಗಡಿಗೆ.

ಅಂಗಡಿಯವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಮುಳ್ಳಿಲ್ಲದ ಗಡಿಯಾರಕ್ಕೂ ಗ್ಯಾರಂಟಿ ಕೊಡುತ್ತಿದ್ದವನಾದ್ದರಿಂದ ಬೀದಿಯವರು ಅವನನ್ನು ಗ್ಯಾರಂಟಿ ಎನ್ನುತ್ತಿದ್ದರು.

ಶನಿವಾರ ಬೆಳಗ್ಗೆ ಎಂಟಕ್ಕೆ ಗ್ಯಾರಂಟಿ ಕೈಗಾಡಿ ತಳ್ಳಿಕೊಂಡು ಬಂದ. ಒಂದು ಮರದ ತೊಟ್ಟಿಲು, ಒಂದು ಮೇಜಿನ ದೀಪ, ಒಂದು ಹಳದಿ ಪರದೆ. ಮೂರನ್ನೂ ಹೊತ್ತು ಎರಡನೇ ಮಹಡಿಗೆ ತಲುಪಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂತು.

“ದೊಡ್ಡ ಮನೆ ಸಾಮಾನು ಸಾರ್. ಒಳ್ಳೇ ತೇಗ. ಮೊಮ್ಮಕ್ಕಳ ತನಕ ಬರುತ್ತೆ, ಗ್ಯಾರಂಟಿ.”

ಬೈಂಡರ್ ತೊಟ್ಟಿಲನ್ನು ನೆಲಕ್ಕಿಟ್ಟ. ಅದು ಎಡಕ್ಕೆ ವಾಲಿ ಟಕ್ ಎಂದಿತು. “ಏನಯ್ಯಾ, ಒಂದು ಕಾಲು ಗಿಡ್ಡ ಇದೆಯಲ್ಲ?”

“ಮೂರು ಸರಿ ಇದಾವಲ್ಲ ಸಾರ್, ಅದನ್ನ ನೋಡಿ.”

“ಮುರಿದ ತುಂಡೆಲ್ಲಿ?”

“ಅಂಗಡೀಲಿ ಎಲ್ಲೋ ಬಿದ್ದಿರುತ್ತೆ. ಆ ಅಮ್ಮಾವ್ರು ಹಿಂದಿನ ಬಾಗಿಲಿಂದ ಬೇಗ ಬೇಗ ಎತ್ತಿಕೊಂಡು ಹೋಗು ಅಂದ್ರು, ಗಡಿಬಿಡೀಲಿ ಕಾಲು ತಗುಲಿ ಮುರೀತು. ಹುಡುಕಿ ತಂದ್ಕೊಡ್ತೀನಿ.”

“ಇವತ್ತೇ?”

“ಗ್ಯಾರಂಟಿ.”

ಅಂದರೆ ಬರುವುದಿಲ್ಲ ಎಂದುಕೊಂಡು ಬೈಂಡರ್ ಬಾಗಿಲು ಹಾಕಿದ. ಎಂಟು ಗಂಟೆ ಸಮಯವಿತ್ತು.

ಕೋಣೆ ಅಂದರೆ ಅವನು ಮನೆಯಲ್ಲಿ ಬೈಂಡಿಂಗ್ ಮಾಡುತ್ತಿದ್ದ ಜಾಗ. ಕೈಕಾಲು ಚಾಚಿ ಮಲಗಿದರೆ ಎರಡೂ ಗೋಡೆ ಸಿಗುತ್ತಿದ್ದವು. ನಿನ್ನೆ ಸುಣ್ಣ ಬಳಿದಿದ್ದ. ಹಳೆಯ ಪುಸ್ತಕಗಳಿಂದ ಬಿಚ್ಚಿದ ರಟ್ಟಿನಲ್ಲಿ ಹನ್ನೆರಡು ಹಕ್ಕಿ ಕತ್ತರಿಸಿ, ಬಣ್ಣದ ಬಟ್ಟೆ ಅಂಟಿಸಿ, ದಾರ ಕಟ್ಟಿ ಸೂರಿಗೆ ತೂಗುಹಾಕಿದ್ದ. ನಿಂತು ನೋಡಿದರೆ ಹಕ್ಕಿಗಳು ಹಕ್ಕಿಗಳ ಹಾಗೇ ಇದ್ದವು. ಹೊಟ್ಟೆಯ ಕಡೆ ಬಟ್ಟೆ ಸಾಲದೆ ಗ್ರಂಥಾಲಯದ ಮೊಹರು ಹಾಗೇ ಉಳಿದಿತ್ತು. ‘ಹದಿನೈದು ದಿನಗಳೊಳಗೆ ಹಿಂದಿರುಗಿಸತಕ್ಕದ್ದು.’ ಮಗುವಿಗೆ ಓದು ಬರುವ ಹೊತ್ತಿಗೆ ಬದಲಾಯಿಸಿದರಾಯಿತು ಎಂದುಕೊಂಡಿದ್ದ.

ಅವನು ತೊಟ್ಟಿಲನ್ನು ಸೋಪಿನ ನೀರಲ್ಲಿ ಒರೆಸಿದ, ಎಣ್ಣೆ ಹಚ್ಚಿದ. ಮರ ಮಿರಮಿರ ಮಿಂಚಿತು. ಆದರೆ ಮೇಲಿನ ಪಟ್ಟಿಯ ಉದ್ದಕ್ಕೂ ಯಾವುದೋ ಮಗು ಹಲ್ಲು ಬರುವಾಗ ಕಚ್ಚಿದ ಗುರುತುಗಳು. ಒಂದೆರಡಲ್ಲ. ಆ ಮಗು ತೊಟ್ಟಿಲನ್ನು ಊಟ ಎಂದೇ ತಿಳಿದಿತ್ತೇನೋ. ದೊಡ್ಡಕ್ಕನ ಕಣ್ಣಿಗೆ ಇದೊಂದು ಬಿದ್ದರೆ ಸಾಕಿತ್ತು.

ಉಪ್ಪುಕಾಗದ ಹಾಕಿ ಉಜ್ಜಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲಾ ಹೋಗುತ್ತಿತ್ತು. ಆದರೆ ಅವನಿಗೆ ಕೆಲಸ ಕಲಿಸಿದ ಮುದುಕ ಬೈಂಡರ್ ಮೊದಲ ದಿನವೇ ಹೇಳಿದ್ದ: “ಹಳೇದನ್ನ ಉಜ್ಜಬೇಡ, ಕತ್ತರಿಸಬೇಡ. ಮುಚ್ಚು. ನಿನ್ನ ನಂತರ ಯಾರೋ ಬಿಚ್ಚಿ ನೋಡ್ತಾರೆ, ಅವರಿಗೆ ಅದು ಸಿಗಬೇಕು.” ಹದಿನಾಲ್ಕು ವರ್ಷದಲ್ಲಿ ಅವನ ಕೈ ಅದನ್ನು ಮೀರಿರಲಿಲ್ಲ. ಈಗಲೂ ಮೀರಲಿಲ್ಲ. ಆಕಾಶನೀಲಿ ಬೈಂಡಿಂಗ್ ಬಟ್ಟೆ ತೆಗೆದು, ಪಟ್ಟಿಯ ಅಳತೆಗೆ ಕತ್ತರಿಸಿ, ಮೈದಾ ಅಂಟು ಬಳಿದು ಹಲ್ಲಿನ ಗುರುತುಗಳ ಮೇಲೆ ಹೊದಿಸಿದ. ಸುಕ್ಕಿಲ್ಲ, ಗುಳ್ಳೆಯಿಲ್ಲ. ಆರು ಗಂಟೆ ಒಣಗಿದರೆ ಬ್ರಹ್ಮನೂ ಬಿಡಿಸಲಾರ. ಗಡಿಯಾರ ನೋಡಿದ. ಹತ್ತು. ನಾಲ್ಕಕ್ಕೆ ಸರಿಯಾಗಿ ಆರು ಗಂಟೆ.

ಆಗ ಬಾಗಿಲು ಬಡಿದದ್ದು ಕೆಳಮನೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಕಟ್ಟಡದ ಎಲ್ಲಾ ಮನೆಗಳೂ ಅವರಿಗೆ ತರಗತಿಗಳೇ.

“ಏನಪ್ಪಾ, ಬೆಳಗ್ಗಿಂದ ಟಕ್ ಟಕ್ ಅಂತ ಶಬ್ದ. ನನ್ನ ತಲೆ ಮೇಲೇ ಬರ್ತಿದೆ. ಏನದು?”

“ತೊಟ್ಟಿಲು ಸಾರ್. ಒಂದು ಕಾಲು ಗಿಡ್ಡ.”

“ಅಷ್ಟೇನಾ?” ಮೇಷ್ಟ್ರು ಹೋಗಿ ಗರಗಸದೊಂದಿಗೆ ಬಂದರು. “ಉಳಿದ ಮೂರನ್ನ ಇದರ ಸಮಕ್ಕೆ ಕತ್ತರಿಸಿಬಿಡೋಣ. ಸುಲಭ ಲೆಕ್ಕ.”

“ಬೇಡ ಸಾರ್, ಕತ್ತರಿಸಬಾರದು.”

“ಯಾಕಪ್ಪಾ, ನೋವಾಗುತ್ತಾ ಅದಕ್ಕೆ?”

ಮೇಷ್ಟ್ರು ಕೂತು ಕಾಲಿಗೆ ಗರಗಸ ಇಟ್ಟರು. ಬೈಂಡರ್ ಗರಗಸ ಹಿಡಿದ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ, ಎರಡು ಪಾರ್ಟಿಯವರು ಒಂದೇ ಮೈಕು ಹಿಡಿದ ಹಾಗೆ, ಎಳೆದಾಡಿದರು. ಎಳೆದಾಟದಲ್ಲಿ ಮೇಷ್ಟ್ರ ಕಣ್ಣು ಕಿಟಕಿಯ ಹತ್ತಿರವಿದ್ದ ಮೇಜಿನ ದೀಪದ ಮೇಲೆ ಬಿತ್ತು. ಗರಗಸ ತಾನಾಗಿ ಅವರ ಕೈಯಿಂದ ಜಾರಿತು.

“ಈ ದೀಪ…”

“ಹೊಸದು ಸಾರ್.”

“ಹೊಸದಾ?” ಮೇಷ್ಟ್ರು ದೀಪವನ್ನು ತಲೆಕೆಳಗು ಮಾಡಿದರು. ಅಡಿಯಲ್ಲಿ ಹಿತ್ತಾಳೆ ತಗಡು. ‘ಮೆಚ್ಚಿನ ಗುರುಗಳಿಗೆ, ಹತ್ತನೇ ತರಗತಿ ಬಿ ವಿಭಾಗ.’ ಬೈಂಡರನ ಮುಖ ಅಂಟಿನ ಬಣ್ಣಕ್ಕೆ ತಿರುಗಿತು. ಮೇಷ್ಟ್ರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಗ್ಯಾರಂಟಿ ಹತ್ರ ತಗೊಂಡ್ಯಾ? ನಾನೇ ಮಾರಿದ್ದು. ಕನ್ನಡಕದ ಮೇಲೆ ಕೂತುಬಿಟ್ಟಿದ್ದೆ ಕಣಯ್ಯಾ. ಮೂರನೇ ಸಲ. ನಮ್ಮವಳಿಗೆ ಹೇಳೋಕಾಗುತ್ತಾ? ದೀಪ ಮಾರಿ ಹೊಸ ಕನ್ನಡಕ ಮಾಡಿಸ್ದೆ.”

“ಮತ್ತೆ ದೀಪ ಎಲ್ಲಿ ಅಂತ ಅವರು ಕೇಳಲಿಲ್ವಾ?”

“ಕಳ್ಳ ಬಂದಿದ್ದ ಅಂದೆ. ಅವಳು ಹೋಗಿ ಪೊಲೀಸ್ ಕಂಪ್ಲೇಂಟ್ ಕೊಟ್ಟುಬಿಟ್ಟಿದ್ದಾಳೆ.”

ಬೈಂಡರ್ ನೆಲದ ಮೇಲೆ ಕೂತುಬಿಟ್ಟ. ಮಗುವಿನ ಕೋಣೆಯಲ್ಲಿ ಈಗ ಕದ್ದ ಮಾಲು ಬೇರೆ.

“ನೀನು ನನ್ನ ಮಾನ ಉಳಿಸು, ನಿನ್ನ ಮಾನ ನಾನು ಉಳಿಸ್ತೀನಿ,” ಎಂದರು ಮೇಷ್ಟ್ರು. “ನಮ್ಮವಳು ಮಾತ್ರ ಈ ಕೋಣೆಗೆ ಕಾಲಿಡಬಾರದು.”

ಮುಚ್ಚುವುದು ಬೈಂಡರನಿಗೆ ಗೊತ್ತಿದ್ದ ಕೆಲಸ. ತಗಡಿನ ಮೇಲೂ ನೀಲಿ ಬಟ್ಟೆ ಅಂಟಿಸಿದ. ಆಮೇಲೆ ರಟ್ಟಿನ ಮೇಲೆ ರಟ್ಟು ಅಂಟಿಸಿ ಮೂರು ಬೆರಳು ದಪ್ಪದ ಮೆತ್ತೆ ಮಾಡಿ ಗಿಡ್ಡ ಕಾಲಿನ ಕೆಳಗೆ ಕೊಟ್ಟ. ತೊಟ್ಟಿಲು ಅಲ್ಲಾಡದೆ ನಿಂತಿತು. ಮೇಷ್ಟ್ರು ಗರಗಸ ಮಡಿಲಲ್ಲಿಟ್ಟುಕೊಂಡು ಬಾಗಿಲ ಹೊರಗೆ ಸ್ಟೂಲು ಹಾಕಿ ಕಾವಲು ಕೂತರು. ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಹನ್ನೆರಡಕ್ಕೆ ಎದುರುಮನೆಯ ಟೈಲರಮ್ಮ ಬಂದಳು. ಮೇಷ್ಟ್ರು ತಡೆದಷ್ಟೂ ಒಳಗೆ ಏನೋ ಇದೆ ಎಂದು ಖಾತ್ರಿಯಾಗಿ ಅವರ ತಲೆಯ ಮೇಲಿಂದ ಇಣುಕಿದಳು. ಕಿಟಕಿಯ ಹಳದಿ ಪರದೆ ಕಂಡ ಕೂಡಲೇ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು.

“ಅಯ್ಯೋ ನನ್ನ ಕರ್ಮ! ಇದಿಲ್ಲಿಗೆ ಹೆಂಗೆ ಬಂತು?”

“ಹೊಸದಮ್ಮಾ…” ಎಂದ ಬೈಂಡರ್. ದನಿ ಅವನಿಗೇ ಕೇಳಿಸಲಿಲ್ಲ.

ಅವಳು ಒಳಗೆ ನುಗ್ಗಿ ಬೈಂಡರನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. “ಮೇಷ್ಟ್ರ ಹೆಂಡ್ತಿ ಕೊಟ್ಟ ಬಟ್ಟೆ. ಆರು ಪರದೆ ಹೊಲಿಯೋಕೆ ಕೊಟ್ರು. ಬಟ್ಟೆ ಸಾಲಲಿಲ್ಲ ಅಂತ ಐದು ಹೊಲಿದುಕೊಟ್ಟೆ. ಆರನೇದನ್ನ ಗ್ಯಾರಂಟಿಗೆ ಹಾಕ್ದೆ. ಅವರೇನಾದ್ರೂ ಇದನ್ನ ಕಂಡ್ರೆ ನನ್ನ ಅಂಗಡಿ ಮುಚ್ಚಿಸ್ತಾರೆ ಅಣ್ಣಾ. ಮೇಷ್ಟ್ರಿಗೂ ಹೇಳಬೇಡಿ.”

“ಮೇಷ್ಟ್ರಿಗೂ ಅವರನ್ನ ಒಳಗೆ ಬಿಡೋ ಇಷ್ಟ ಇಲ್ಲಮ್ಮ,” ಎಂದ ಬೈಂಡರ್.

ಮಗು ಬರುವ ಮೊದಲೇ ಆ ಕೋಣೆಯಲ್ಲಿ ಸುಳ್ಳುಗಳು ಒಂದೊಂದು ಮೂಲೆ ಹಿಡಿದು ಕೂತಿದ್ದವು.

ಒಂದು ಗಂಟೆಗೆ ಫೋನ್ ಬಂತು. ಹೆಂಡತಿ. “ಡಾಕ್ಟ್ರು ಬೇಗ ಬಿಟ್ರು. ಈಗ ಹೊರಡ್ತಿದೀವಿ. ಅರ್ಧ ಗಂಟೇಲಿ ಬರ್ತೀವಿ. ಆಯ್ತಾ ಎಲ್ಲ?”

“ಆಯ್ತು.”

“ನಂಗೆ ಗೊತ್ತಿತ್ತು,” ಎಂದು ಅವಳು ಸಣ್ಣಗೆ ನಕ್ಕಳು. “ಅಕ್ಕ ಆಗಲೇ ಅವಳ ಮನೇಲಿ ಹಾಸಿಗೆ ಹಾಸಿಸಿದಾಳಂತೆ. ಬೆಳಗ್ಗಿಂದ ಒಂದೇ ಸಮನೆ ಅದೇ ಹೇಳ್ತಾಳೆ. ನಾನು ಅಂದೆ, ನನ್ನ ಗಂಡ ಹೇಳಿದ ಮೇಲೆ ಮುಗೀತು ಅಂತ.”

ಬೈಂಡರ್ ತೊಟ್ಟಿಲಿನ ಪಟ್ಟಿ ಮುಟ್ಟಿ ನೋಡಿದ. ಬಟ್ಟೆ ಒದ್ದೆ. ಬೆರಳಿಗೆ ಅಂಟು ಹತ್ತಿತು.

“ಇಸ್ತ್ರಿ ಪೆಟ್ಟಿಗೆ!” ಎಂದು ಕೂಗಿದ. ಟೈಲರಮ್ಮ ಓಡಿದಳು. ಇಸ್ತ್ರಿ ಪೆಟ್ಟಿಗೆ ಬಂತು. ಅವಳು ಮದುವೆ ಸೂಟಿಗೆ ಗೆರೆ ಕೂರಿಸುವ ಗಾಂಭೀರ್ಯದಲ್ಲಿ ತೊಟ್ಟಿಲಿಗೆ ಇಸ್ತ್ರಿ ಹಾಕತೊಡಗಿದಳು. ಪಟ್ಟಿಯಿಂದ ಬುಸ್ ಎಂದು ಹಬೆ ಎದ್ದಿತು. ಮೇಷ್ಟ್ರು ಒಳಗೆ ಬಂದು ಹಳೆಯ ನಕ್ಷೆ ಪುಸ್ತಕದಿಂದ ಗಾಳಿ ಬೀಸಿದರು. ಸೂರಿನಿಂದ ತೂಗುತ್ತಿದ್ದ ಹನ್ನೆರಡು ಹಕ್ಕಿಗಳೂ ಆ ಗಾಳಿಗೆ ಹೊಟ್ಟೆ ತೋರಿಸುತ್ತಾ ಸುತ್ತಿದವು.

“ಇನ್ನೂ ಹತ್ತು ನಿಮಿಷ ಅಣ್ಣಾ.”

“ಸಾಕು ಬಿಡಮ್ಮ, ಸುಟ್ಟ ವಾಸನೆ ಬರ್ತಿದೆ.”

“ಅದು ನನ್ನ ಕೈ.”

ಬಟ್ಟೆಯ ಮೇಲ್ಮೈ ಒಣಗಿತು. ಒಳಗೆ ಅಂಟು ಇನ್ನೂ ಹಸಿಯಾಗಿದೆ ಎಂದು ಬೈಂಡರನ ಬೆರಳಿಗೆ ಗೊತ್ತಾಯಿತು. ಹದಿನಾಲ್ಕು ವರ್ಷದಲ್ಲಿ ಒಂದು ಪುಸ್ತಕವನ್ನೂ ಅವನು ಹಾಗೆ ಹೊರಗೆ ಬಿಟ್ಟವನಲ್ಲ. ಅಷ್ಟರಲ್ಲಿ ಕೆಳಗೆ ಕಾರಿನ ಹಾರನ್ ಎರಡು ಸಲ ಕೇಳಿತು.

ಕಿಟಕಿಯಿಂದ ಬಗ್ಗಿ ನೋಡಿದ. ಕಾರು ನಿಂತಿತ್ತು, ಡ್ರೈವರ್ ಇಂಜಿನ್ ಆಫ್ ಮಾಡಿರಲಿಲ್ಲ. ಹಿಂದಿನ ಸೀಟಿನ ಕಿಟಕಿಯಲ್ಲಿ ಹೆಂಡತಿಯ ಮೊಣಕೈ, ಅದರ ಮೇಲೆ ಬಿಳಿ ಬಟ್ಟೆಯ ಒಂದು ಸಣ್ಣ ಗಂಟು. ಆ ಗಂಟು ನೋಡಿ ಅವನಿಗೆ ಒಂದು ಕ್ಷಣ ಬೇರೆ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ದೊಡ್ಡಕ್ಕ, ಮೆಟ್ಟಿಲ ಕಡೆ ಬರುತ್ತಿದ್ದವಳು. ಅವಳ ಹಿಂದೆಯೇ, ಕೈಯಲ್ಲಿ ಮರದ ತುಂಡು ಹಿಡಿದು ಓಡಿ ಬರುತ್ತಿದ್ದವನು ಗ್ಯಾರಂಟಿ.

ಜೀವಮಾನದಲ್ಲೇ ಮೊದಲ ಸಲ ಅವನು ಹೇಳಿದ ದಿನವೇ ಹೇಳಿದ ವಸ್ತು ತಂದಿದ್ದ.

ಬೈಂಡರ್ ಮೂರು ಮೂರು ಮೆಟ್ಟಿಲು ಹಾರಿ ಕೆಳಗೆ ಹೋಗುವಷ್ಟರಲ್ಲಿ ಇಬ್ಬರೂ ಮೊದಲ ಮಹಡಿಯ ತಿರುವಿನಲ್ಲಿ ಎದುರುಬದುರು ನಿಂತಿದ್ದರು. ದೊಡ್ಡಕ್ಕ ಗ್ಯಾರಂಟಿಯನ್ನು ನೋಡುತ್ತಿದ್ದಳು. ಗ್ಯಾರಂಟಿ ಮರದ ತುಂಡನ್ನು ಎದೆಗೊತ್ತಿಕೊಂಡು ಹಲ್ಲು ಕಿರಿಯುತ್ತಿದ್ದ.

“ನಮಸ್ಕಾರ ಅಮ್ಮಾವ್ರೆ! ನೀವು ಇಲ್ಲಿ…”

“ಯಾರ್ರೀ ಇವನು?” ಎಂದು ದೊಡ್ಡಕ್ಕ ಕಿರಿಚಿದಳು. ಅಷ್ಟು ಜೋರು ಬೇಕಿರಲಿಲ್ಲ.

“ಯಾರೂ ಅಲ್ಲ ದೊಡ್ಡಕ್ಕ! ವಿಳಾಸ ತಪ್ಪಿ ಬಂದಿದಾನೆ!” ಬೈಂಡರ್ ಗ್ಯಾರಂಟಿಯ ರಟ್ಟೆ ಹಿಡಿದು ಮೇಲಕ್ಕೆ ಎಳೆದೊಯ್ದು, ಅಡುಗೆಮನೆಗೆ ನೂಕಿ, ಹೊರಗಿನಿಂದ ಚಿಲಕ ಹಾಕಿದ. ಒಳಗಿನಿಂದ “ಸಾರ್, ಕಾಲು ಸಾರ್” ಎಂಬ ಕ್ಷೀಣ ದನಿ ಬಂತು.

ದೊಡ್ಡಕ್ಕ ಕೋಣೆಯ ಬಾಗಿಲಿಗೆ ಬಂದಳು. ಬೆವರಿದ್ದಳು. ಕಿಟಕಿಯ ಅಂಚಿಗೆ ಬೆರಳು ತಾಗಿಸಿದಳು. ಧೂಳಿಲ್ಲ. ಪರದೆ ಎಳೆದು ನೋಡಿದಳು, ದೀಪ ಹಚ್ಚಿ ನೋಡಿದಳು. ಟೈಲರಮ್ಮ ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮೇಷ್ಟ್ರು ಸೂರು ನೋಡಿದರು. ಕೊನೆಗೆ ದೊಡ್ಡಕ್ಕ ತೊಟ್ಟಿಲಿನ ಕಡೆ ತಿರುಗಿದಳು.

ತಿರುಗಿದವಳು ಹಾಗೇ ನಿಂತಳು.

ಒಮ್ಮೆ ಅದರ ಸುತ್ತ ಬಂದಳು. ಬಗ್ಗಿ ಗಿಡ್ಡ ಕಾಲು ನೋಡಿದಳು. ಎದ್ದು ನೀಲಿ ಬಟ್ಟೆಯ ಪಟ್ಟಿ ನೋಡಿದಳು. ಅಡುಗೆಮನೆಯ ಬಾಗಿಲು ನೋಡಿದಳು. ಬೈಂಡರ್ ಕಾರು ಹೊರಡುವ ಸದ್ದಿಗೆ ಕಾಯುತ್ತಾ ನಿಂತ. ಮುಗಿಯಿತು ಎಂದುಕೊಂಡ.

“ಹೊಸದೇ ಅಲ್ವಾ ಇದು?” ಎಂದಳು ದೊಡ್ಡಕ್ಕ.

“ಹೊ… ಹೊಸದೇ.”

“ಹೌದು ಹೌದು! ನೋಡಿದ್ರೇನೇ ಗೊತ್ತಾಗುತ್ತೆ, ಹೊಸದು ಅಂತ. ಹಳೇದು ಅಂತ ಯಾರು ಹೇಳ್ತಾರೆ? ಯಾರೂ ಹೇಳಲ್ಲ,” ಎಂದು ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. “ಚೆನ್ನಾಗಿದೆ ರೀ. ಬಹಳ ಚೆನ್ನಾಗಿದೆ. ಕರ್ಕೊಂಡು ಬನ್ನಿ ಅವಳನ್ನ.”

ಬೈಂಡರನಿಗೆ ಕಾಲು ನೆಲಕ್ಕೆ ತಾಗುತ್ತಿವೆಯೋ ಇಲ್ಲವೋ ತಿಳಿಯಲಿಲ್ಲ. ನಾಲ್ಕು ವರ್ಷದಲ್ಲಿ ದೊಡ್ಡಕ್ಕ ಅವನ ಒಂದು ಅಂಗಿಯನ್ನೂ ಚೆನ್ನಾಗಿದೆ ಎಂದವಳಲ್ಲ. ಅವನು ಕೆಳಗೆ ಓಡಿ ಮಗುವನ್ನು ಎತ್ತಿಕೊಂಡ. ಕೈಯಲ್ಲಿ ಹಿಡಿದದ್ದು ಒಂದು ಹಳೆಯ ಕಿರುಹೊತ್ತಗೆಯಷ್ಟು ಹಗುರವಾಗಿತ್ತು. ಹೆಂಡತಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು.

ಕೋಣೆಯ ಬಾಗಿಲಲ್ಲಿ ಅವಳು ನಿಂತಳು. ಹಳದಿ ಬೆಳಕಿನಲ್ಲಿ ಹಕ್ಕಿಗಳು ತಿರುಗುತ್ತಿದ್ದವು. ಅವಳು ಗಂಡನ ಕಡೆ ತಿರುಗಿ ನೋಡಿದಳು. ಆ ನೋಟಕ್ಕೆ ಬೈಂಡರ್ ಇನ್ನೂ ಹತ್ತು ತೊಟ್ಟಿಲು ಹೊತ್ತು ಹತ್ತು ಮಹಡಿ ಹತ್ತಲು ತಯಾರಾದ.

ಮಗುವನ್ನು ಮಲಗಿಸಿದರು. ಹೆಂಡತಿ ತೊಟ್ಟಿಲಿನ ಪಟ್ಟಿಗೆ ಕೈ ಊರಿ ಬಗ್ಗಿದಳು. ಊರಿದ ಕೈ ಮೆಲ್ಲಗೆ ಜಾರಿತು. ನೀಲಿ ಬಟ್ಟೆ ಒಂದು ತುದಿಯಿಂದ, ಬಾಳೆಹಣ್ಣಿನ ಸಿಪ್ಪೆಯ ಹಾಗೆ, ಯಾವ ಶಬ್ದವೂ ಇಲ್ಲದೆ ಸುಲಿದುಕೊಂಡು ಬಂತು.

ಕೋಣೆಯಲ್ಲಿ ಐದು ಜನ ಉಸಿರು ಬಿಗಿಹಿಡಿದರು. ಮಗು ಮಾತ್ರ ಆಕಳಿಸಿತು.

ಹೆಂಡತಿ ಬಗ್ಗಿ ಪಟ್ಟಿಯನ್ನು ನೋಡಿದಳು. ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದಳು. ಎರಡು ಗುರುತು, ನಡುವೆ ಒಂದು ಖಾಲಿ, ಮತ್ತೆ ಎರಡು ಗುರುತು. ನಾಲಗೆಯನ್ನು ತನ್ನ ಮುಂದಿನ ಹಲ್ಲುಗಳ ನಡುವಿನ ಸಂದಿಗೆ ತಾಗಿಸಿದಳು.

“ಅಕ್ಕಾ,” ಎಂದಳು. “ಇದು ನಂದು.”

ದೊಡ್ಡಕ್ಕ ಸೆರಗು ಸರಿಪಡಿಸಿಕೊಂಡಳು.

“ಇದು ನಂದೇ ಹಲ್ಲು! ಅಮ್ಮ ಎಷ್ಟು ಬೈತಿದ್ಲು, ಬೆಕ್ಕಿನ ಹಾಗೆ ತೊಟ್ಟಿಲು ಕಡೀತೀಯ ಅಂತ. ಅಕ್ಕಾ, ಇದು ನಮ್ಮ ತೊಟ್ಟಿಲು! ಗೆದ್ದಲು ತಿಂತು ಅಂದಿದ್ಯಲ್ಲ?”

ಬೈಂಡರನ ತಲೆಯೊಳಗೆ ಹಿಂದಿನ ಬಾಗಿಲು, ಬೇಗ ಬೇಗ ಎತ್ತಿಕೊಂಡು ಹೋಗು ಎಂದ ಅಮ್ಮಾವ್ರು, ಮೆಟ್ಟಿಲ ತಿರುವಿನ ಕಿರಿಚಾಟ, ಎಲ್ಲವೂ ಪುಟ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತವು. ಅವನು ದೊಡ್ಡಕ್ಕನನ್ನು ನೋಡಿದ. ದೊಡ್ಡಕ್ಕನ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಮರುಕ್ಷಣ ಅಲ್ಲಿ ನಗು ಅರಳಿತು.

“ಕಂಡುಹಿಡಿದುಬಿಟ್ಯಾ ಕಳ್ಳಿ!” ಎಂದು ಅವಳು ತಂಗಿಯ ಕೆನ್ನೆ ಹಿಂಡಿದಳು. “ನಿನಗೆ ಗೊತ್ತಾಗಬಾರದು ಅಂತ ತಾನೆ ಬಟ್ಟೆ ಮುಚ್ಚಿಸಿದ್ದು! ಗೆದ್ದಲು ಅಂತ ಸುಮ್ನೆ ಹೇಳಿದ್ದು ಕಣೇ. ರಿಪೇರಿ ಮಾಡಿಸಿ ಇವರ ಕೈಗೆ ಗುಟ್ಟಾಗಿ ತಲುಪಿಸ್ದೆ. ಆಸ್ಪತ್ರೇಲಿ ಎಲ್ಲಾ ಹೊಸದೇ ಅಂತ ಹೇಳಿ ಅಂತಾನೂ ನಾನೇ ಹೇಳ್ಕೊಟ್ಟಿದ್ದೆ. ಅಲ್ವೇನ್ರೀ?”

ಬೈಂಡರ್ ಬಾಯಿ ತೆರೆದ. ಹೆಂಡತಿ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ನಿಜ ಹೇಳಿದರೆ ಮೊದಲು ತಾನು ಸುಳ್ಳುಗಾರನಾಗಬೇಕು. ಆಮೇಲೆ ಅವಳಿಗೆ ಅಕ್ಕ ಇಲ್ಲವಾಗಬೇಕು. ಅವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ದೀಪ ನೋಡಿದರು. ಟೈಲರಮ್ಮನನ್ನು ನೋಡಿದ. ಅವಳು ಪರದೆ ನೋಡಿದಳು.

“ಹೌದು,” ಎಂದ ಬೈಂಡರ್.

“ಎರಡು ತಿಂಗಳು ನಿನ್ನ ಹತ್ರ ಮಾತು ಬಿಟ್ಟಿದ್ದೆ. ಎಂಥೆಂಥ ಮಾತು ಅಂದುಬಿಟ್ಟೆ ಅಕ್ಕಾ, ನಿನ್ನ ಬೆನ್ನ ಹಿಂದೆ,” ಎಂದು ಹೆಂಡತಿ ಅಕ್ಕನ ಹೆಗಲಿಗೆ ಮುಖ ಹುದುಗಿಸಿದಳು. “ನೀನು ನೋಡಿದ್ರೆ ನನಗೋಸ್ಕರ ಇಷ್ಟೆಲ್ಲಾ ಮಾಡಿದೀಯ.”

“ನಿನಗಲ್ದೆ ಇನ್ಯಾರಿಗೆ ಮಾಡ್ಲಿ ಹೇಳು? ಇವರೂ ಪಾಪ, ಹೇಳಿದ ಹಾಗೆ ಮಾಡಿದ್ರು.”

“ನಾನು ನಿನ್ನ ಮನೆಗೇ ಬರ್ತೀನಿ,” ಎಂದಳು ಹೆಂಡತಿ.

“ಏನು?” ಎಂದ ಬೈಂಡರ್.

“ಮೂರು ತಿಂಗಳು ಅಕ್ಕನ ಹತ್ರ ಇರ್ತೀನಿ ರೀ. ಅಷ್ಟು ಆಸೆಯಿಂದ ಕರೆದ್ಲು, ನಾನೇ ಹಟ ಮಾಡಿದೆ. ಇಷ್ಟಾದ ಮೇಲೂ ಹೋಗದಿದ್ರೆ ನಾನು ಮನುಷ್ಯಳಾ? ತೊಟ್ಟಿಲೂ ಅಲ್ಲಿಗೇ ತಗೊಂಡು ಹೋಗೋಣ ಅಕ್ಕಾ. ನಾವಿಬ್ರೂ ಮಲಗಿದ್ದ ಹಾಗೆ ಇವಳೂ ಅಲ್ಲಿ ಮಲಗ್ಲಿ.”

“ಆದ್ರೆ… ಕೋಣೆ…”

“ಕೋಣೆ ಎಲ್ಲಿಗೆ ಹೋಗುತ್ತೆ? ಇಲ್ಲೇ ಇರುತ್ತಲ್ಲ,” ಎಂದು ಅವಳು ಪ್ರೀತಿಯಿಂದಲೇ ಅವನ ಕಿರುಬೆರಳು ಅದುಮಿದಳು.

ದೊಡ್ಡಕ್ಕ ಎದುರಾಡಲಿಲ್ಲ. ತೊಟ್ಟಿಲಿನ ಕಡೆ ಮಾತ್ರ, ಹೋದನೆಂದುಕೊಂಡ ನೆಂಟ ಬಾಗಿಲಲ್ಲಿ ಮತ್ತೆ ಪೆಟ್ಟಿಗೆ ಹಿಡಿದು ನಿಂತ ಹಾಗೆ, ಒಮ್ಮೆ ನೋಡಿದಳು.

ತೊಟ್ಟಿಲು ಇಳಿಸಲು ಇನ್ನೊಬ್ಬ ಆಳು ಬೇಕಾಯಿತು. ಬೈಂಡರ್ ಅಡುಗೆಮನೆಯ ಚಿಲಕ ತೆಗೆದ. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಗ್ಯಾರಂಟಿ ಮುಗ್ಗರಿಸಿ ಹೊರಗೆ ಬಂದ. ತಂದಿದ್ದ ಮರದ ತುಂಡನ್ನು ಮುರಿದ ಕಾಲಿಗೆ ಕೂರಿಸಿ ಎರಡು ಮೊಳೆ ಹೊಡೆದ. ಸರಿಯಾಗಿ ಕೂತಿತು. ಬೆಳಗ್ಗೆ ಹತ್ತಿಸಿದ ಅದೇ ಮೆಟ್ಟಿಲುಗಳಲ್ಲಿ ಇಬ್ಬರೂ ಅದನ್ನು ಇಳಿಸಿ ಕಾರಿನ ಮೇಲ್ಛಾವಣಿಗೆ ಹಗ್ಗ ಹಾಕಿ ಬಿಗಿದರು. ಇಂಜಿನ್ ಅಷ್ಟು ಹೊತ್ತೂ ಆಫ್ ಆಗಿರಲಿಲ್ಲ.

ಹೆಂಡತಿ ಕಿಟಕಿಯಿಂದ ಮಗುವಿನ ಪುಟ್ಟ ಕೈ ಎತ್ತಿ ಆಡಿಸಿದಳು. ಕಾರು ತಿರುವಿನಲ್ಲಿ ಮರೆಯಾಯಿತು. ತೊಟ್ಟಿಲಿನ ನಾಲ್ಕು ಕಾಲು ಆಕಾಶಕ್ಕೆ ಮುಖಮಾಡಿ ಕೊನೆಯ ತನಕ ಕಾಣುತ್ತಿದ್ದವು.

“ಯೋಚನೆ ಮಾಡಬೇಡಿ ಸಾರ್,” ಎಂದ ಗ್ಯಾರಂಟಿ ಕೈ ಒರೆಸಿಕೊಳ್ಳುತ್ತಾ. “ಆ ಅಮ್ಮಾವ್ರಿಗೆ ಮನೇಲಿ ಹಳೇ ಸಾಮಾನು ಕಂಡ್ರೆ ಆಗಲ್ಲ. ತಾಯಿ ಮಗು ಈ ಕಡೆ ಹೊರಟ ಮರುದಿನಾನೇ ಹಿಂದಿನ ಬಾಗಿಲಿಗೆ ನನ್ನನ್ನ ಕರೀತಾರೆ. ಬೇರೆ ಯಾರಿಗೂ ಕೊಡಲ್ಲ, ನಿಮಗೇ ಎತ್ತಿಡ್ತೀನಿ. ಈ ಸಲ ನಾಲ್ಕು ಕಾಲೂ ಸರಿ ಇದೆ, ರೇಟು ಮಾತ್ರ ಸ್ವಲ್ಪ ಹೆಚ್ಚಾಗುತ್ತೆ.”

“ಗ್ಯಾರಂಟಿನಾ?” ಎಂದ ಬೈಂಡರ್.

“ಗ್ಯಾರಂಟಿ.”

ಅವನು ಮೇಲೆ ಹತ್ತಿ ಬರುವಷ್ಟರಲ್ಲಿ ಮೇಷ್ಟ್ರು ದೀಪವನ್ನು ಅಂಗಿಯೊಳಗೆ ಮುಚ್ಚಿಕೊಂಡು ಇಳಿಯುತ್ತಿದ್ದರು. “ಮಗು ಇಲ್ಲದ ಮೇಲೆ ಇದಿಲ್ಲಿ ಇರೋದು ಅಪಾಯ ಕಣಪ್ಪಾ. ಕಳ್ಳ ವಾಪಸ್ ತಂದಿಟ್ಟ ಅಂತೀನಿ.” ಟೈಲರಮ್ಮ ಪರದೆ ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. “ಬಟ್ಟೆ ಸಿಕ್ತು ಅಂತ ಹೇಳಿ ಆರನೇದೂ ಕೊಟ್ಟುಬಿಡ್ತೀನಿ ಅಣ್ಣಾ. ನನ್ನ ಕೈ ನೋಡಿ, ಬೊಬ್ಬೆ ಬಂದಿದೆ.”

ಕೋಣೆಯಲ್ಲಿ ಉಳಿದದ್ದು ಮೂರು ಬೆರಳು ದಪ್ಪದ ರಟ್ಟಿನ ಮೆತ್ತೆ, ನೆಲದ ಮೇಲೆ ಸುಲಿದು ಬಿದ್ದ ನೀಲಿ ಬಟ್ಟೆ, ಮತ್ತೆ ಹಕ್ಕಿಗಳು. ಬೈಂಡರ್ ತೊಟ್ಟಿಲು ಇದ್ದ ಜಾಗದಲ್ಲಿ ಅಂಗಾತ ಮಲಗಿದ. ಕೈಕಾಲು ಚಾಚಿದರೆ ಎರಡೂ ಗೋಡೆ ಸಿಕ್ಕವು.

ಮಗುವಿಗೆ ಹೇಗೆ ಕಾಣಬೇಕಿತ್ತೋ ಹಾಗೆ ಈಗ ಅವನಿಗೆ ಹಕ್ಕಿಗಳ ಹೊಟ್ಟೆ ಕಂಡವು. ಬರಿಯ ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಹನ್ನೆರಡೂ ಒಂದೊಂದಾಗಿ ಅವನ ಕಡೆ ತಿರುಗಿ ಹೇಳುತ್ತಿದ್ದವು: ಹದಿನೈದು ದಿನಗಳೊಳಗೆ ಹಿಂದಿರುಗಿಸತಕ್ಕದ್ದು.